ಗುಂಡಿ ತೋರಿಸುವ ಕೈ

ಸೈಕಲ್ ಪಂದ್ಯವೆಂದರೆ ಕಾಲಿನ ಆಟ ಎಂದುಕೊಂಡವರು ಅದನ್ನು ದೂರದಿಂದ ನೋಡಿದವರು. ಹತ್ತಿರ ಹೋದರೆ ಗೊತ್ತಾಗುತ್ತದೆ, ಅದು ಗಾಳಿಯ ಆಟ. ಮುಂದೆ ಹೋಗುವವನು ಗಾಳಿಯನ್ನು ಸೀಳುತ್ತಾನೆ. ಅವನ ಬೆನ್ನಿಗೆ ಅಂಟಿಕೊಂಡವನು ಆ ಮರೆಯಲ್ಲಿ ಕೂತು ಅರ್ಧ ಶ್ರಮದಲ್ಲಿ ಅಷ್ಟೇ ದೂರ ಬರುತ್ತಾನೆ. ಮುಗಿಯುವ ಗೆರೆ ಕಣ್ಣಿಗೆ ಬಿದ್ದಾಗ ಹಿಂದಿನವನು ಪಕ್ಕಕ್ಕೆ ಸರಿದು, ಉಳಿಸಿಟ್ಟುಕೊಂಡ ಶಕ್ತಿಯನ್ನೆಲ್ಲ ಹಾಕಿ ತುಳಿದು, ಮುಂದಿನವನನ್ನು ದಾಟಿ ಹೋಗುತ್ತಾನೆ. ಕಪ್ ಅವನಿಗೆ. ಗಾಳಿ ಸೀಳಿದವನ ಬೆನ್ನು ತಟ್ಟುತ್ತಾರೆ, ನೆನಪಾದರೆ.

ನಮ್ಮ ಕಥೆಯವನು ಹನ್ನೊಂದು ವರ್ಷ ಗಾಳಿ ಸೀಳಿದ ಮನುಷ್ಯ. ಅಗಲ ಭುಜ, ಗಿಡ್ಡ ಕುತ್ತಿಗೆ, ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಬೆಳಕು ಬರುತ್ತಿರಲಿಲ್ಲ. ಸೈಕಲ್ ಕ್ಲಬ್ಬಿನವರು ಅವನನ್ನು ಗೋಡೆ ಎಂದು ಕರೆದರು. ಅವನು ಅದನ್ನು ಬಿರುದು ಎಂದುಕೊಂಡ. ನನಗೆ ಮೊದಲು ಸಿಟ್ಟು ಬರುವುದು ಇಲ್ಲಿಯೇ. ಗೋಡೆ ಅನ್ನಿಸಿಕೊಂಡು ಹಲ್ಲು ಬಿಡುವವನಿಗೆ ಜನ ಮೊಳೆ ಹೊಡೆಯದೆ ಬಿಡುತ್ತಾರೆಯೇ? ಅವನ ಬೆನ್ನ ಹಿಂದೆ ಕೂತೇ ಅವನ ತಮ್ಮ ಗೆದ್ದ ಕಪ್‌ಗಳು ಅವರ ಮನೆಯ ಅಂಗಡಿಯ ಗಾಜಿನ ಬೀರುವಿನಲ್ಲಿ ಜಾಗ ಸಾಲದೆ ಒಂದರೊಳಗೊಂದು ಕೂತಿದ್ದವು. ಗೋಡೆಯ ಹೆಸರಿನದು ಒಂದೂ ಇರಲಿಲ್ಲ.

ಅವನಿಗೆ ಒಂದು ಖ್ಯಾತಿ ಮಾತ್ರ ಇತ್ತು. ಅದು ಅವನ ಕೈಯದು. ಸಾಲಾಗಿ ಹೋಗುವಾಗ ಒಬ್ಬನ ಚಕ್ರಕ್ಕೂ ಇನ್ನೊಬ್ಬನ ಚಕ್ರಕ್ಕೂ ನಡುವೆ ಒಂದು ಗೇಣು. ಹಿಂದಿನವನಿಗೆ ರಸ್ತೆ ಕಾಣುವುದಿಲ್ಲ, ಮುಂದಿನವನ ಸೊಂಟ ಕಾಣುತ್ತದೆ. ಅದಕ್ಕೇ ಮುಂದಿನವನು ಗುಂಡಿ ಕಂಡ ಕೂಡಲೇ ಒಂದು ಕೈಯನ್ನು ಹ್ಯಾಂಡಲ್‌ನಿಂದ ಬಿಟ್ಟು, ಗುಂಡಿಯಿರುವ ಬದಿಗೆ ಕೆಳಗೆ ಬೆರಳು ಮಾಡಿ ತೋರಿಸಬೇಕು. ಹಿಂದಿನವನು ಏನು ಎತ್ತ ಕೇಳದೆ ಇನ್ನೊಂದು ಬದಿಗೆ ಸರಿಯಬೇಕು. ಆ ಊರಿನ ರಸ್ತೆಗಳಲ್ಲಿ ಡಾಂಬರಿಗಿಂತ ಗುಂಡಿಯೇ ಹೆಚ್ಚು, ಹೀಗಾಗಿ ಈ ಸನ್ನೆ ಇಲ್ಲದೆ ಯಾರೂ ಮನೆಗೆ ನೆಟ್ಟಗೆ ಹೋಗುವಂತಿರಲಿಲ್ಲ. ಗೋಡೆಯ ಕೈ ಹನ್ನೊಂದು ವರ್ಷದಲ್ಲಿ ಒಂದು ಗುಂಡಿಯನ್ನೂ ತೋರಿಸದೆ ಬಿಟ್ಟಿರಲಿಲ್ಲ. ಉಗುರಿನಲ್ಲಿ ಗ್ರೀಸ್ ಕೂತ ಆ ದಪ್ಪ ಕೈ ಕೆಳಗಿಳಿಯಿತೆಂದರೆ ಹಿಂದಿನ ಇಡೀ ಸಾಲು ಕಣ್ಣುಮುಚ್ಚಿ ಸರಿಯುತ್ತಿತ್ತು. ಅಂಗಡಿಯಿಂದ ಕಕ್ಕಸಿಗೆ ನಡೆದು ಹೋಗುವಾಗಲೂ ನೆಲದಲ್ಲಿ ನೀರು ಚೆಲ್ಲಿದ್ದರೆ ಅವನ ಕೈ ತಾನಾಗಿ ಕೆಳಗೆ ಹೋಗುತ್ತಿತ್ತು. ಹೆಂಡತಿ ಅದನ್ನು ನೋಡಿ ಮೊದಮೊದಲು ನಗುತ್ತಿದ್ದಳು.

ಅಂಗಡಿ ಅಪ್ಪನದು. ಸೈಕಲ್ ರಿಪೇರಿ ಅಂಗಡಿ. ಮುಂದೆ ಅಂಗಡಿ, ನಡುವೆ ಗೋಡೆಯೂ ಅವನ ಹೆಂಡತಿಯೂ ಮಲಗುವ ಕೋಣೆ, ಹಿಂದೆ ಬಚ್ಚಲು. ಯಾರು ಬಚ್ಚಲಿಗೆ ಹೋಗಬೇಕಾದರೂ ಆ ಕೋಣೆಯನ್ನು ದಾಟಿಯೇ ಹೋಗಬೇಕು. ಮಂಚದ ಮೇಲಿನ ಅಟ್ಟದಲ್ಲಿ ಹಳೆಯ ಟೈರುಗಳು, ಮಂಚದ ಕಾಲ ಬುಡದಲ್ಲಿ ಪಂಕ್ಚರ್ ನೋಡುವ ನೀರಿನ ತೊಟ್ಟಿ. ಬೆಳಗಾದರೆ ಮೈದುನ ಟವೆಲ್ ಹೆಗಲಿಗೆ ಹಾಕಿಕೊಂಡು, "ಏಳಿ ಅತ್ತಿಗೆ, ಸೂರ್ಯ ಬಂದ" ಎಂದು ಹಾಡುತ್ತ ಮಂಚದ ಪಕ್ಕದಿಂದಲೇ ಹಾದುಹೋಗುತ್ತಿದ್ದ. ಮಾವ ಹಾಡುತ್ತಿರಲಿಲ್ಲ, ಕೆಮ್ಮುತ್ತಿದ್ದರು. ಮದುವೆಯಾಗಿ ಆರು ವರ್ಷವಾದರೂ ಅವಳು ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಒಂದು ದಿನವೂ ಮಲಗಿರಲಿಲ್ಲ.

ಆ ವರ್ಷ ಊರ ಹೊರಗಿನ ಕಾರ್ಖಾನೆ ಸೈಕಲ್ ತಂಡ ಕಟ್ಟುತ್ತೇವೆಂದು ಹೇಳಿತು. ಅದಕ್ಕಾಗಿ ನಡೆಸುವ ಪಂದ್ಯ ಗೆದ್ದವನಿಗೆ ಅಲ್ಲಿ ಕಾಯಂ ಕೆಲಸ. ಬೆಳಿಗ್ಗೆ ಸೈಕಲ್ ತುಳಿಯುವುದು, ಮಧ್ಯಾಹ್ನ ಸ್ಟೋರಿನಲ್ಲಿ ಕೂರುವುದು, ಇರಲು ಎರಡು ಕೋಣೆಯ ಕ್ವಾರ್ಟರ್ಸ್. ಒಂದೇ ಷರತ್ತು, ವಯಸ್ಸು ಮೂವತ್ತರೊಳಗಿರಬೇಕು. ಗೋಡೆಗೆ ಮೂವತ್ತು ತುಂಬಲು ಒಂದು ತಿಂಗಳಿತ್ತು. ಹೆಂಡತಿ ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಹೋಗಿ ಕ್ವಾರ್ಟರ್ಸ್ ನೋಡಿಕೊಂಡು ಬಂದಳು. ಕಾಂಪೌಂಡ್ ಕಂಬಿಯ ಸಂದಿಯಿಂದ ಕಂಡದ್ದು ಇಷ್ಟೇ, ಒಂದು ಹಸಿರು ಬಾಗಿಲು, ಅದರ ಒಳಬದಿಗೆ ಉದ್ದನೆಯ ಚಿಲಕ. ವಾಪಸು ಬಂದವಳೇ ಸೀದಾ ಅಂಗಡಿಗೆ ಹೋಗಿ ಮಾವನ ಮುಂದೆ ನಿಂತಳು. ಮಾವ ಕಡ್ಡಿ ಬಿಗಿ ಮಾಡುವ ಕೀಲಿ ಹಿಡಿದು ಚಕ್ರದ ಸೊಟ್ಟ ತೆಗೆಯುತ್ತಿದ್ದರು.

"ಮಾವ, ನಿಮ್ಮ ಸಣ್ಣ ಮಗನಿಗೆ ಇನ್ನೂ ಏಳು ವರ್ಷ ಇದೆ. ಇವರಿಗೆ ಒಂದೇ ತಿಂಗಳು. ಈ ಸಲ ಇವರು ಗೆಲ್ಲಲಿ. ಆಗಲ್ಲ ಅಂದ್ರೆ ಆಗಲ್ಲ ಅಂತ ಮುಖಕ್ಕೆ ಹೇಳಿಬಿಡಿ."

ಗೋಡೆ ಮೂಲೆಯಲ್ಲಿ ಟ್ಯೂಬಿಗೆ ಸಲ್ಯೂಷನ್ ಹಚ್ಚುತ್ತ ತಲೆಯೆತ್ತಲಿಲ್ಲ. ಅವನ ಪರವಾಗಿ ನಡೆಯುವ ಜಗಳದಲ್ಲಿ ಕೂಡ ಅವನು ಪ್ರೇಕ್ಷಕ.

ಅಪ್ಪ ಚಕ್ರವನ್ನು ಒಂದು ಸುತ್ತು ತಿರುಗಿಸಿ ನೋಡಿದರು. "ಆಯ್ತಮ್ಮ. ಈ ಸಲ ದೊಡ್ಡೋನದು. ಸಣ್ಣೋನು ಮುಂದೆ ಹೋಗಿ ಗಾಳಿ ಹಿಡೀಲಿ. ನನ್ನ ಮಾತು ಇದು."

"ಅದಕ್ಕೇನಂತೆ ಅತ್ತಿಗೆ," ಎಂದ ಸಣ್ಣವನು ಕೂತಲ್ಲಿಂದಲೇ. "ಒಂದಿನ ನಾನೂ ಗೋಡೆ ಆಗ್ತೀನಿ. ಸ್ವಲ್ಪ ತೆಳ್ಳನೆ ಗೋಡೆ, ಅಷ್ಟೆ."

ಎಲ್ಲರೂ ನಕ್ಕರು. ಗೋಡೆ ಎಲ್ಲರಿಗಿಂತ ಜೋರಾಗಿ ನಕ್ಕ.

ಪಂದ್ಯ ಬೆಳಿಗ್ಗೆ ಆರಕ್ಕೆ ಶುರುವಾಗಬೇಕಿತ್ತು. ಕಾರ್ಖಾನೆಯ ಕ್ರೀಡಾ ವಿಭಾಗದ ಸಾಹೇಬರು ಎದ್ದು, ತಿಂಡಿ ತಿಂದು, ಕಾರಿನಲ್ಲಿ ಬರುವಷ್ಟರಲ್ಲಿ ಬಿಸಿಲು ತಲೆಯ ಮೇಲಿತ್ತು. ನಲವತ್ತು ಮಂದಿ ಗೋದಾಮಿನ ಮುಂದೆ ಒಂಟಿ ಕಾಲಲ್ಲಿ ನಿಂತು ಬೇಯುತ್ತಿದ್ದರು. ಬಾಟಲಿಯ ನೀರು ಹೊರಡುವ ಮೊದಲೇ ಅರ್ಧ ಖಾಲಿ. ಸಾಹೇಬರು ಕಪ್ಪು ಕನ್ನಡಕ ಹಾಕಿಕೊಂಡು ಸಾಲಿನುದ್ದಕ್ಕೂ ನಡೆದರು. ಸಣ್ಣವನ ಮುಂದೆ ನಿಂತು, ಸಂತೆಯಲ್ಲಿ ದನ ನೋಡುವಂತೆ ಅವನ ಕಾಲು ನೋಡಿ, "ಇಂಥ ಹುಡುಗರು ಬೇಕು ನಮಗೆ" ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ, "ಇವರು ಯಾರು? ಸೈಕಲ್ ತುಳಿಯೋಕೆ ಬಂದವರಾ, ಹೊರೋಕೆ ಬಂದವರಾ?" ಎಂದರು.

ಅಪ್ಪ ಹಿಂದೆಯೇ ನಿಂತಿದ್ದರು. ಹೆಗಲಿಗೆ ಒಂದು ಬದಲಿ ಚಕ್ರ ನೇತುಹಾಕಿಕೊಂಡು, ಮೋಟಾರ್ ಬೈಕಿನಲ್ಲಿ ಹಿಂದೆ ಬರಲು ಸಿದ್ಧರಾಗಿದ್ದರು. ಸಾಹೇಬರ ಮಾತಿಗೆ ಮೊದಲು ನಕ್ಕವರು ಅವರೇ.

ಸೀಟಿ ಊದಿದರು. ರಸ್ತೆ ಗೋದಾಮಿನಿಂದ ಕಲ್ಲಿನ ಕ್ವಾರಿಗೆ ಹೋಗಿ, ಅಲ್ಲಿ ತಿರುಗಿ, ಕಾಲುವೆಯ ಪಕ್ಕದ ಹಾದಿಯಲ್ಲಿ ಕಾರ್ಖಾನೆಯ ಗೇಟಿಗೆ ಬರುತ್ತದೆ. ಡಾಂಬರು ಕರಗಿ ಟೈರಿಗೆ ಅಂಟುತ್ತಿತ್ತು. ಡಾಂಬರು ಇಲ್ಲದ ಕಡೆ ಜಲ್ಲಿ. ಕಲ್ಲಿನ ಲಾರಿಗಳು ಎಬ್ಬಿಸಿದ ಧೂಳು ಬೆವರಿಗೆ ಸೇರಿ ಬಾಯಿಯ ಸುತ್ತ ಕೆಸರಾಗುತ್ತಿತ್ತು. ಮೊದಲ ಏರಿನಲ್ಲೇ ಹತ್ತು ಮಂದಿ ನಿಂತರು. ಒಬ್ಬ ಮೈಲಿಗಲ್ಲಿನ ಮೇಲೆ ಕೂತು ವಾಂತಿ ಮಾಡುತ್ತಿದ್ದ, ಉಳಿದವರು ಅವನ ಬಾಟಲಿ ಕಿತ್ತುಕೊಂಡು ಮುಂದೆ ಹೋದರು.

ಸಣ್ಣವನು ಕೊಟ್ಟ ಮಾತಿನಂತೆ ಮುಂದೆ ಹೋದ. ಗೋಡೆ ಅವನ ಹಿಂದೆ ಕೂತ. ಕೂತ ಸ್ವಲ್ಪ ಹೊತ್ತಿಗೇ ಅವನಿಗೆ ಏನೋ ತಪ್ಪಾಗಿದೆ ಅನ್ನಿಸಿತು. ಸೈಕಲ್ ಕೆಟ್ಟಿದೆಯೇ ಎಂದು ಬಗ್ಗಿ ನೋಡಿದ. ಏನೂ ಕೆಟ್ಟಿರಲಿಲ್ಲ. ಎದೆಗೆ ಗಾಳಿ ಹೊಡೆಯುತ್ತಿರಲಿಲ್ಲ, ಅಷ್ಟೆ. ಪೆಡಲ್ ತಾನಾಗಿ ತಿರುಗುತ್ತಿತ್ತು. ಉಸಿರು ಮೂಗಿನಲ್ಲೇ ಆಡುತ್ತಿತ್ತು. ಇಷ್ಟು ಸಣ್ಣ ಮೈಯ ಹಿಂದೆ ಇಷ್ಟು ಸುಖವಿದ್ದರೆ, ತನ್ನ ಅಗಲ ಬೆನ್ನಿನ ಹಿಂದೆ ಎಷ್ಟಿರಬೇಡ ಎಂದು ಅವನು ಯೋಚಿಸಿದ. ಇಷ್ಟು ವರ್ಷ ಇವನು ಹೀಗೆ ಬರುತ್ತಿದ್ದನೇ? ಮನೆಗೆ ಬಂದು ಕಾಲು ನೋವು ಎಂದು ಅತ್ತಿಗೆಯ ಹತ್ತಿರ ಬಿಸಿನೀರು ಕಾಯಿಸಿಕೊಳ್ಳುತ್ತಿದ್ದನಲ್ಲ, ಯಾವ ನೋವು? ಗೋಡೆಗೆ ಜೀವನದಲ್ಲಿ ಮೊದಲ ಸಲ ಹೊಟ್ಟೆ ಉರಿಯಿತು. ತಡವಾಗಿ ಉರಿದರೂ ಚೆನ್ನಾಗಿಯೇ ಉರಿಯಿತು.

ಅಷ್ಟರಲ್ಲಿ ಧಡ್ ಎಂದು ಚಕ್ರ ಗುಂಡಿಗೆ ಇಳಿದು ಎದ್ದಿತು. ಹಲ್ಲಿಗೆ ನಾಲಿಗೆ ಸಿಕ್ಕಿ ಬಾಯೆಲ್ಲ ರಕ್ತ. ಸಣ್ಣವನು ತಾನು ಮಾತ್ರ ಗುಂಡಿ ತಪ್ಪಿಸಿಕೊಂಡಿದ್ದ, ಕೈ ತೋರಿಸಿರಲಿಲ್ಲ.

"ಮರ್ತೇಹೋಯ್ತು ಕಣಣ್ಣ!" ಎಂದು ತಿರುಗಿ ನಕ್ಕ. "ನಂಗೆಲ್ಲಿ ಅಭ್ಯಾಸ ಇದೆ?"

ಗೋಡೆ ರಕ್ತ ಉಗಿದು, "ಪರವಾಗಿಲ್ಲ" ಎಂದ.

ಕ್ವಾರಿಯ ತಿರುವಿನಲ್ಲಿ ಅಪ್ಪನ ಬೈಕ್ ಪಕ್ಕಕ್ಕೆ ಬಂತು. ಆ ಹೊತ್ತಿಗೆ ಇವರಿಗಿಂತ ಮುಂದೆ ಇದ್ದವರು ಇಬ್ಬರೇ, ಒಬ್ಬ ಬಡಗಿ, ಇನ್ನೊಬ್ಬ ಅಂಚೆಯವನು. ಅವರೆಬ್ಬಿಸಿದ ಧೂಳು ಮಾತ್ರ ದೂರದಲ್ಲಿ ಕಾಣುತ್ತಿತ್ತು. ಅಪ್ಪ ಮೊದಲು ಸಣ್ಣವನ ಹತ್ತಿರ ಏನೋ ಹೇಳಿದರು. ಸಣ್ಣವನು ತಲೆಯಾಡಿಸಿದ. ಆಮೇಲೆ ಬೈಕ್ ಗೋಡೆಯ ಪಕ್ಕಕ್ಕೆ ಬಂತು.

"ದೊಡ್ಡೋನೆ, ಮುಂದೆ ಹೋಗು. ಎಳಿ."

"ಅಪ್ಪಾ, ನೀವು ಹೇಳಿದ್ರಲ್ಲ—"

"ಹೇಳಿದ್ದೆ. ಈಗ ಇದನ್ನ ಹೇಳ್ತಿದೀನಿ. ಸಾಹೇಬ್ರ ಕಣ್ಣು ಸಣ್ಣೋನ ಮೇಲೆ ಬಿದ್ದಿದೆ, ನೀನೇ ನೋಡಿದೆ. ನೀನು ಗೆದ್ರೆ, ಮೂವತ್ತಕ್ಕೆ ಒಂದೇ ತಿಂಗಳಿದೆ, ವಯಸ್ಸಾಯ್ತು ಅಂತ ಏನೋ ನೆಪ ಹೇಳಿ ಕಪ್ ಕೊಟ್ಟು ಕಳಿಸ್ತಾರೆ. ಅವನು ಗೆದ್ರೆ ಕೆಲಸ ನಮ್ಮ ಮನೆಗೆ ಬರುತ್ತೆ. ಯಾರಿಗೆ ಬಂದ್ರೇನು, ಮನೆ ಒಂದೇ ಅಲ್ವಾ?"

"ಅವಳಿಗೆ ಏನು ಹೇಳ್ಲಿ?"

"ಕಾಲು ಹಿಡ್ಕೊಳ್ತು ಅನ್ನು." ಅಪ್ಪ ಬೈಕಿನ ಕಿವಿ ಹಿಂಡಿದರು. "ಹೋಗೋ, ಹೊತ್ತಾಯ್ತು."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಸೈಕಲ್ ಎಸೆದು ಹೋಗುತ್ತಿದ್ದರು. ಇಲ್ಲವೇ ಅಪ್ಪನ ಮುಖಕ್ಕೆ ಉಗುಳಿ ಒಂಟಿಯಾಗಿ ಓಡಿಸುತ್ತಿದ್ದರು. ಗೋಡೆ ಮುಂದೆ ಹೋದ. ಬಿಸಿಗಾಳಿ ಎದೆಗೆ ಬಡಿಯಿತು, ಮೈ ಅದನ್ನು ಗುರುತು ಹಿಡಿದು ತಗ್ಗಿತು. ಬಾವಿ ನೀರೆಳೆಯುವ ಎತ್ತು ನೊಗ ಕಂಡಾಗ ಕುತ್ತಿಗೆ ಕೊಡುತ್ತದಲ್ಲ, ಹಾಗೆ. ತುಳಿಯುತ್ತ ಹೋದ. ಬಾಯಿಯ ರಕ್ತ ಉಪ್ಪುಪ್ಪಾಗಿ ಗಂಟಲಿಗೆ ಇಳಿಯಿತು. ಬಡಗಿಯನ್ನೂ ಅಂಚೆಯವನನ್ನೂ ಕಾಲುವೆಯ ಹಾದಿಯಲ್ಲಿ ಹಿಡಿದೇಬಿಟ್ಟ. ಅವರು ಜಾಣರು, ಹಿಂದೆ ಸರಿದು ಸಣ್ಣವನ ಬೆನ್ನಿಗೆ ಅಂಟಿಕೊಂಡರು. ಈಗ ಸಾಲಿನಲ್ಲಿ ನಾಲ್ವರು, ಮುಂದೆ ಗೋಡೆ, ಅವನ ಹಿಂದೆ ತಮ್ಮ, ತಮ್ಮನ ಹಿಂದೆ ಅವರಿಬ್ಬರು. ಮೂವರೂ ಅವನ ಮರೆಯಲ್ಲಿ ತಂಪಾಗಿ ಬರುತ್ತಿದ್ದರು.

"ಇನ್ನೂ ಸ್ವಲ್ಪ ಅಣ್ಣ," ಎಂದ ಸಣ್ಣವನು ಹಿಂದಿನಿಂದ. ಅವನ ದನಿಯಲ್ಲಿ ಏದುಸಿರು ಕೂಡ ಇರಲಿಲ್ಲ. "ಗೇಟಿನ ಹತ್ರ ಬಿಟ್ಟುಬಿಡು, ಆಮೇಲೆ ನಾನು ನೋಡ್ಕೋತೀನಿ."

ಆಗ ಗೋಡೆಗೆ ಆ ಹಳ್ಳ ನೆನಪಾಯಿತು. ಗೇಟಿಗೆ ಸ್ವಲ್ಪ ಮೊದಲು ನೀರಿನ ಕೊಳವೆ ಹಾಕಿದವರು ರಸ್ತೆ ಅಗೆದು, ಬಲಗಡೆ ಅರ್ಧವನ್ನು ಮುಚ್ಚದೆ ಹೋಗಿದ್ದರು. ಮೊಣಕಾಲುದ್ದ ಆಳ, ಅಂಚಿಗೆ ಕಾಂಕ್ರೀಟು. ಕಳೆದ ವಾರ ಪ್ರತಿ ಸಂಜೆ ಬಂದು ಅವನು ಅದನ್ನು ನೋಡಿಕೊಂಡು ಹೋಗಿದ್ದ. ಅಗಲ ಕಡಿಮೆ. ವೇಗವಿದ್ದರೆ, ಎರಡೂ ಕೈಯಲ್ಲಿ ಹ್ಯಾಂಡಲ್ ಎತ್ತಿ ಸೈಕಲ್ಲನ್ನು ಅದರ ಮೇಲಿಂದ ಹಾರಿಸಬಹುದು. ಅಲ್ಲೊಂದು ಹಳ್ಳ ಬರುತ್ತಿದೆ ಎಂದು ಗೊತ್ತಿದ್ದವನಿಗೆ ಮಾತ್ರ ಅದು ಸಾಧ್ಯ. ಗೊತ್ತಿಲ್ಲದವನು ಸೀದಾ ಒಳಗೆ.

ಅವನು ಬಲಕ್ಕೆ ಸರಿದ. ಹಿಂದಿನ ಮೂವರೂ ಕುರಿಗಳಂತೆ ಬಲಕ್ಕೆ ಸರಿದರು.

ಸಾಯಲಿ ಎಂದು ಅವನು ಅಂದುಕೊಳ್ಳಲಿಲ್ಲ. ಅಷ್ಟು ದೂರ ಯೋಚಿಸುವ ಮನುಷ್ಯ ಅವನಲ್ಲ. ಬೀಳಲಿ, ಅಷ್ಟೆ. ಆ ಚೆಂದದ ಕಾಲುಗಳಲ್ಲಿ ಒಂದಾದರೂ ಮುರಿಯಲಿ. ಕೈ ತೋರಿಸುವುದಿಲ್ಲ. ಅಪ್ಪ ಕೇಳಿದರೆ ಮರೆತೆ ಎನ್ನುತ್ತೇನೆ, ಇವನು ಹೇಳಿದ ಹಾಗೆಯೇ ಹೇಳುತ್ತೇನೆ. ಆಮೇಲೆ ನಾನು, ಗೇಟು, ಸಾಹೇಬರು. ಹೆಂಡತಿ ಗೆರೆಯ ಹತ್ತಿರ ಟವೆಲ್ ಹಿಡಿದು ನಿಂತಿರುತ್ತಾಳೆ. ಅವನ ತಲೆ ತಣ್ಣಗಿತ್ತು. ಇಷ್ಟು ವರ್ಷದಲ್ಲಿ ತನಗಾಗಿ ಎಂದು ಅವನು ಮಾಡಿದ ಮೊದಲ ತೀರ್ಮಾನ ಇದು, ಮತ್ತು ಅದು ಅವನಿಗೆ ರುಚಿಸಿತು.

ಹಳ್ಳ ಕಂಡಿತು. ಅವನು ವೇಗ ಹೆಚ್ಚಿಸಿದ. ಸಣ್ಣವನು ಒಂದು ಗೇಣೂ ಬಿಡದೆ ಅಂಟಿಕೊಂಡು ಬಂದ. ಕಾಂಕ್ರೀಟಿನ ಅಂಚು ಬಿಸಿಲಿಗೆ ಬೆಳ್ಳಗೆ ಹೊಳೆಯಿತು. ಗೋಡೆ ಮೈ ಕುಗ್ಗಿಸಿ, ಹಾರಲು ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದ.

ಅವನ ಬಲಗೈ ಹ್ಯಾಂಡಲ್ ಬಿಟ್ಟು ಕೆಳಗಿಳಿಯಿತು. ಬೆರಳು ಚಾಚಿ, ಅಚ್ಚುಕಟ್ಟಾಗಿ, ಹಳ್ಳವನ್ನು ತೋರಿಸಿತು.

ಅವನು ಅದನ್ನು ನೋಡಿದ. ಬೇರೆ ಯಾರದೋ ಕೈಯನ್ನು ನೋಡುವಂತೆ ನೋಡಿದ. ವಾಪಸು ಎಳೆದುಕೊಳ್ಳಲು ಹೊತ್ತಿರಲಿಲ್ಲ. ಹಿಂದೆ ಮೂರು ಸೈಕಲ್ಲುಗಳು ಸರ್ರೆಂದು ಎಡಕ್ಕೆ ಸರಿದದ್ದು ಕೇಳಿಸಿತು. ಒಂದೇ ಕೈಯಲ್ಲಿ ಹ್ಯಾಂಡಲ್ ಎದ್ದೇಳಲಿಲ್ಲ. ಮುಂದಿನ ಚಕ್ರ ಹಳ್ಳಕ್ಕೆ ಇಳಿಯಿತು, ಗೋಡೆ ಅದರ ಮೇಲಿಂದ ಹಾರಿ ಭುಜ ಮತ್ತು ಮುಖ ಊರಿ ಕಾಂಕ್ರೀಟಿನ ಆಚೆ ಬಿದ್ದ. ಏನೋ ಒಣ ಕಡ್ಡಿ ಮುರಿದಂತೆ ಸದ್ದಾಯಿತು. ಅದು ಅವನ ಹೆಗಲ ಮೂಳೆ.

ಸಣ್ಣವನು ತಿರುಗಿ ನೋಡಲಿಲ್ಲ. ಪಂದ್ಯದಲ್ಲಿ ತಿರುಗಿ ನೋಡಬಾರದು ಎಂದು ಅವನಿಗೆ ಕಲಿಸಿದವನು ಅಣ್ಣನೇ. ಹಿಂದೆ ಬಂದ ಅಪ್ಪನ ಬೈಕ್ ಹಳ್ಳದ ಹತ್ತಿರ ಕ್ಷಣ ನಿಧಾನವಾಯಿತು. ಮಗ ಅಲುಗಾಡುತ್ತಿದ್ದಾನೆಂದು ಖಾತ್ರಿಯಾದ ಮೇಲೆ, "ಬಂದೆ ಇರು!" ಎಂದು ಕೂಗಿ ಅಪ್ಪ ಗೇಟಿನ ಕಡೆಗೆ ಹೋದರು. ಗೆಲ್ಲುವುದನ್ನು ನೋಡದೆ ಇರಲು ಅವರಿಂದಾಗಲಿಲ್ಲ. ಗೋಡೆ ಬಿಸಿ ಮಣ್ಣಿನಲ್ಲಿ ಕೆನ್ನೆಯಿಟ್ಟುಕೊಂಡು, ದೂರದ ಚಪ್ಪಾಳೆ ಕೇಳುತ್ತ, ಮುರಿದ ಹಲ್ಲಿನ ಚೂರನ್ನು ನಾಲಿಗೆಯಲ್ಲಿ ಹುಡುಕುತ್ತಿದ್ದ.

ಮರುದಿನ ಅವನ ಕೋಣೆ ಜಾತ್ರೆಯಾಯಿತು. ಮಂಚದ ಮೇಲೆ ಕಟ್ಟು ಹಾಕಿಸಿಕೊಂಡು ಮಲಗಿದವನನ್ನು ನೋಡಲು ಕ್ಲಬ್ಬೆಲ್ಲ ಬಂತು. ಬಡಗಿ ನಡುವೆ ನಿಂತು, ಬಂದವರಿಗೆಲ್ಲ ಅಭಿನಯ ಮಾಡಿ ತೋರಿಸಿದ. "ನಾನೇ ಕಣ್ಣಾರೆ ಕಂಡೋನು. ತಾನು ಬೀಳ್ತೀನಿ ಅಂತ ಗೊತ್ತು. ಎರಡು ಕೈಲಿ ಹಿಡ್ಕೊಂಡಿದ್ರೆ ಹಾರ್ತಾ ಇದ್ದ. ಹಿಡ್ಕೊಳ್ಳಲಿಲ್ಲ ರೀ! ಹಿಂದೆ ತಮ್ಮ ಇದಾನೆ ಅಂತ ಕೈ ಬಿಟ್ಟು ಹಳ್ಳ ತೋರಿಸ್ದ. ಅವನ ದೆಸೆಯಿಂದ ನಮ್ಮ ಮೂರು ಜನರ ಮೂಳೆ ನೆಟ್ಟಗಿದೆ."

ಸಾಹೇಬರು ಕೂಡ ಬಂದರು. ಟೈರಿನ ವಾಸನೆಗೆ ಮೂಗಿನ ಮೇಲೆ ಕರವಸ್ತ್ರ ಇಟ್ಟುಕೊಂಡು, "ಇಂಥ ಅಣ್ಣ ಎಲ್ಲರಿಗೂ ಇರಬೇಕು" ಎಂದು ಹೇಳಿ, ಸಣ್ಣವನ ಕೈ ಕುಲುಕಿ ಹೋದರು. ಸಣ್ಣವನಿಗೆ ಒಂದನೆಯ ತಾರೀಕಿನಿಂದ ಕೆಲಸ. ಕ್ವಾರ್ಟರ್ಸಿನ ಬೀಗದ ಕೈ ಆಗಲೇ ಅವನ ಬೆರಳಲ್ಲಿ ತಿರುಗುತ್ತಿತ್ತು. ಅವನಿಗೆ ಇನ್ನೂ ಮದುವೆಯಾಗಿರಲಿಲ್ಲ, ಎರಡು ಕೋಣೆಯಲ್ಲಿ ಒಂದನ್ನು ಸೈಕಲ್ ಇಡಲು ಇಟ್ಟುಕೊಳ್ಳುತ್ತೇನೆ ಎಂದ.

ಎಲ್ಲರೂ ಹೋದ ಮೇಲೆ ಅವನು ಅಣ್ಣನ ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತು ಗಳಗಳ ಅತ್ತ. ಸುಳ್ಳು ಅಳುವಲ್ಲ, ನಿಜವಾಗಿಯೇ ಅತ್ತ. ಅದನ್ನೇ ಗೋಡೆಗೆ ತಡೆಯಲಾಗಲಿಲ್ಲ.

"ಅಳಬೇಡ್ವೋ," ಎಂದ. ಹಲ್ಲು ಹೋದ ಬಾಯಲ್ಲಿ ಮಾತು ಸೀಟಿ ಹೊಡೆಯುತ್ತಿತ್ತು. "ನಾನು ನಿನ್ನ ಬೀಳಿಸೋಕೇ ಹೋಗಿದ್ದು. ಬೇಕು ಅಂತಾನೇ ಬಲಕ್ಕೆ ತಂದೆ. ಕೈ ತೋರಿಸಬಾರದು ಅಂತಾನೇ ಇದ್ದೆ. ಅದು ತಾನಾಗಿ ಹೋಯ್ತು."

ಸಣ್ಣವನು ಕಣ್ಣೀರು ಒರೆಸಿಕೊಂಡು ಅವನನ್ನು ನೋಡಿದ. ಆಮೇಲೆ ಅಳುತ್ತಲೇ ನಕ್ಕುಬಿಟ್ಟ. "ಅಪ್ಪಾ, ಕೇಳಿದ್ರಾ? ಇಷ್ಟು ನೋವಲ್ಲೂ ತಮಾಷೆ ಮಾಡ್ತಾನೆ. ನಂಗೆ ಬೇಜಾರಾಗಬಾರದು ಅಂತ!"

"ಅವನು ಮೊದಲಿಂದ್ಲೂ ಹಾಗೇ," ಎಂದರು ಅಪ್ಪ ಬಾಗಿಲಲ್ಲಿ ನಿಂತು. "ಒಳ್ಳೇದು ಮಾಡಿದ್ದನ್ನ ಒಪ್ಪಿಕೊಳ್ಳೋನೇ ಅಲ್ಲ."

"ಅಪ್ಪಾ, ನಿಜ ಹೇಳ್ತಿದೀನಿ."

"ಆಯ್ತು ಮಲಗಪ್ಪ, ಮಲಗು."

ಇಬ್ಬರೂ ಅಂಗಡಿಗೆ ಹೋದರು. ಹೆಂಡತಿ ಇದನ್ನೆಲ್ಲ ಬಚ್ಚಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಹಿಂದಿನ ದಿನದಿಂದ ಆರೈಕೆಯೆಲ್ಲ ಅವಳದೇ. ಗಂಜಿ ಕುಡಿಸಿದ್ದಳು, ಕಟ್ಟು ಸರಿ ಮಾಡಿದ್ದಳು, ಮುಖ ಮಾತ್ರ ನೋಡಿರಲಿಲ್ಲ. ಈಗ ಬಂದು ಮಂಚದ ತುದಿಯಲ್ಲಿ ಕೂತಳು.

"ರೀ, ಈಗ ಹೇಳಿದ್ದು ನಿಜಾನಾ?"

"ನಿಜ."

"ಅವನನ್ನ ಬೀಳಿಸಬೇಕು ಅಂತಾನೇ?"

"ಹೂಂ. ನಿನ್ನಾಣೆ."

ಅವಳು ಅವನ ಮುಖವನ್ನೇ ನೋಡಿದಳು. ಅವಳು ನಂಬಿದಳು ಎಂದು ಅವನಿಗೆ ಗೊತ್ತಾಯಿತು. ಒಬ್ಬಳಾದರೂ ನಂಬಿದಳಲ್ಲ ಎಂದು ಅವನ ಕಣ್ಣು ತುಂಬಿ ಬಂತು. ಒಳ್ಳೆಯ ಕೈಯನ್ನು ಅವಳ ಕಡೆಗೆ ಚಾಚಿದ.

"ಹನ್ನೊಂದು ವರ್ಷಕ್ಕೆ ಒಂದು ಕೆಲಸ ಮಾಡೋಕೆ ಹೊರಟ್ರಿ," ಎಂದಳು ಅವಳು, ದನಿ ಎತ್ತದೆ. "ಅದೊಂದನ್ನಾದ್ರೂ ನೆಟ್ಟಗೆ ಮಾಡಬಾರದಿತ್ತಾ?"

ಅಂಗಡಿಯ ಕಡೆಯಿಂದ ಯಾರೋ ಹೆಂಗಸಿನ ದನಿ ಕೇಳಿಸಿತು, ಹೇಗಿದ್ದಾರಮ್ಮ ನಿಮ್ಮೆಜಮಾನ್ರು ಎಂದು ವಿಚಾರಿಸುತ್ತಿತ್ತು. ಹೆಂಡತಿ ಎದ್ದು, ಸೆರಗು ಸರಿಮಾಡಿಕೊಂಡು, ಪರದೆ ಸರಿಸಿ ಹೊರಗೆ ಹೋದಳು. ಅವನಿಗೆ ಕೇಳಲಿ ಎಂದೇ ಸ್ವಲ್ಪ ಜೋರಾಗಿ ಹೇಳಿದಳು.

"ಪರವಾಗಿಲ್ಲ, ಮಲಗಿದಾರೆ. ಅವರಿಗೆ ತಮ್ಮ ಅಂದ್ರೆ ಪ್ರಾಣ."